ಮೊಸಳೆಯ ಮೇಲೊಂದು ಮೊಕದ್ದಮೆ

ಮೂರು ವರ್ಷದ ಮಗುವಿನ ಮುಂದೆ ಕುಳಿತು, ನಾಯಿ ಮಿಯಾಂವ್ ಎಂದಿತು, ಬೆಕ್ಕು ಬೊಗಳಿತು ಎಂದು ಹೇಳುವುದು ಸರಿಯೆ? ಕೇಳುವುದಕ್ಕೆ ಇದು ಹಗುರವಾದ ಪ್ರಶ್ನೆಯಂತೆ ತೋರುತ್ತದೆ. ಆದರೆ ಮಕ್ಕಳಿಗೆ ಪುಸ್ತಕ ಕೊಳ್ಳಲು ಅಂಗಡಿಗೆ ಬಂದ ತಂದೆತಾಯಿಗಳನ್ನು ಗಮನಿಸಿದವರಿಗೆ ಈ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದು ಗೊತ್ತಿದ್ದೀತು. ಬಣ್ಣದ ಪುಸ್ತಕವೊಂದನ್ನು ಕೈಗೆತ್ತಿಕೊಳ್ಳುತ್ತಾರೆ, ನಾಲ್ಕು ಪುಟ ಮಗುಚುತ್ತಾರೆ, ‘ಇದರಿಂದ ಮಗು ಕಲಿಯುವುದಾದರೂ ಏನು?’ ಎಂದುಕೊಂಡು ಅದನ್ನು ಅಲ್ಲೇ ಇಟ್ಟು, ಹಣ್ಣುಗಳ ಹೆಸರೋ ವಾಹನಗಳ ಹೆಸರೋ ಇರುವ ಇನ್ನೊಂದನ್ನು ಕೊಂಡು ಹೊರಡುತ್ತಾರೆ. ಅವರನ್ನು ನಾನು ಹೀಗಳೆಯಲಾರೆ. ಬೆವರು ಸುರಿಸಿ ದುಡಿದ ಹಣಕ್ಕೆ ಏನಾದರೊಂದು ಪ್ರಯೋಜನ ಸಿಗಲಿ ಎಂದು ಬಯಸುವುದು ಮನುಷ್ಯಸಹಜವಾದದ್ದು. ಆದರೆ ಇದೇ ಪ್ರಶ್ನೆಯನ್ನು ಒಂದು ಕಾಲಕ್ಕೆ ಒಂದು ದೊಡ್ಡ ದೇಶದ ಆಡಳಿತವೇ ಎತ್ತಿತು. ತಪ್ಪು ಉತ್ತರ ಕೊಟ್ಟವರ ಪುಸ್ತಕಗಳು ಅಂಗಡಿಯಿಂದ ಮಾಯವಾದವು. ಎಳೆಯ ಮಕ್ಕಳ ಸಾಹಿತ್ಯದ ಚರಿತ್ರೆಯಲ್ಲಿ ಇದಕ್ಕಿಂತ ವಿಚಿತ್ರವಾದ ಜಗಳವನ್ನು ನಾನು ಓದಿಲ್ಲ. ಆ ಜಗಳದ ಕಥೆಯನ್ನೇ ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕಥೆಯ ನಾಯಕ ಕೊರ್ನೇಯ್ ಚುಕೋವ್‌ಸ್ಕಿ. 1882ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, ಒಡೆಸ್ಸಾ ಪಟ್ಟಣದಲ್ಲಿ ಬೆಳೆದವನು. ತಂದೆಯ ಹೆಸರು ಹೇಳಿಕೊಳ್ಳುವ ಹಕ್ಕಿಲ್ಲದ ಮಗು. ತಾಯಿ ಊರವರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದಳು. ಕೆಳಗಿನ ವರ್ಗದವನೆಂಬ ಕಾರಣದಿಂದ ಪ್ರೌಢಶಾಲೆಯಿಂದ ಹೊರಹಾಕಿಸಿಕೊಂಡ ಈ ಹುಡುಗ ತಾನೇ ತಾನಾಗಿ ಇಂಗ್ಲಿಷ್ ಕಲಿತ. 1903ರಲ್ಲಿ ಪತ್ರಿಕೆಯೊಂದರ ಬಾತ್ಮೀದಾರನಾಗಿ ಲಂಡನ್ನಿಗೆ ಹೋದ. ವಿಮರ್ಶಕನಾಗಿ ಹೆಸರು ಮಾಡಿದ. ಮಕ್ಕಳ ಕವಿಯಾಗಬೇಕೆಂಬ ಯೋಚನೆ ಅವನಿಗೆ ಇದ್ದಂತಿಲ್ಲ. ಒಮ್ಮೆ ಕಾಯಿಲೆ ಬಿದ್ದ ಮಗನನ್ನು ರಾತ್ರಿಯ ರೈಲಿನಲ್ಲಿ ಮನೆಗೆ ಕರೆತರುತ್ತಿದ್ದಾಗ, ನರಳುವ ಮಗುವನ್ನು ಸುಮ್ಮನಾಗಿಸಲು ಬಾಯಿಗೆ ಬಂದುದನ್ನು ರೈಲಿನ ಗಾಲಿಗಳ ತಾಳಕ್ಕೆ ಕೂಡಿಸಿ ಹಾಡತೊಡಗಿದನಂತೆ. ಒಂದು ಮೊಸಳೆ, ಅದು ಪಟ್ಟಣದ ಬೀದಿಯಲ್ಲಿ ಸಿಗರೇಟು ಸೇದುತ್ತ ನಡೆದು ಬರುತ್ತದೆ, ಪೋಲೀಸಿನವನನ್ನು ನುಂಗುತ್ತದೆ, ವಾನ್ಯಾ ಎಂಬ ಪುಟ್ಟ ಹುಡುಗನ ಮುಂದೆ ಅದರ ಆಟ ನಡೆಯುವುದಿಲ್ಲ. ಮಗು ಅಳು ನಿಲ್ಲಿಸಿತು, ಆಮೇಲೆ ಮತ್ತೆ ಮತ್ತೆ ಅದೇ ಬೇಕೆಂದು ಕೇಳಿತು. ಕ್ರಾಂತಿಯ ವರ್ಷವಾದ 1917ರಲ್ಲಿ ‘ಮೊಸಳೆ’ ಪತ್ರಿಕೆಯಲ್ಲಿ ಅಚ್ಚಾಯಿತು. 1919ರಲ್ಲಿ ರೆ-ಮಿ ಎಂಬ ವ್ಯಂಗ್ಯಚಿತ್ರಕಾರನ ಚಿತ್ರಗಳೊಡನೆ, ಪೆಟ್ರೊಗ್ರಾಡ್ ಸೋವಿಯತ್ತಿನ ಪ್ರಕಟಣೆಯಾಗಿಯೇ, ಪುಸ್ತಕವಾಗಿ ಹೊರಬಂದಿತು. ಮುಂದೆ ಇದೇ ಸರ್ಕಾರದ ಜನ ಅದರ ಮೇಲೆ ಮುಗಿಬಿದ್ದರು ಎಂಬುದನ್ನು ನೆನಪಿನಲ್ಲಿಡಬೇಕು.

ಅನಂತರದ ಆರೇಳು ವರ್ಷಗಳಲ್ಲಿ ಅವನ ಪ್ರಸಿದ್ಧ ಪದ್ಯಕಥೆಗಳೆಲ್ಲ ಬಂದವು. ಮುಖ ತೊಳೆಯದ ಹುಡುಗನನ್ನು ಅಟ್ಟಿಸಿಕೊಂಡು ಹೋಗುವ ಕೈತೊಳೆಯುವ ತೊಟ್ಟಿಯ ಕಥೆ, ಆನೆ ಕರಡಿಗಳನ್ನೆಲ್ಲ ಮೀಸೆ ಕುಣಿಸಿ ಹೆದರಿಸುವ ಜಿರಲೆಯ ಕಥೆ, ನೊಣದ ಮದುವೆಯ ಕಥೆ, ಹೀಗೆ. ಅದೇ ಕಾಲಕ್ಕೆ ಲೆನಿನ್‌ಗ್ರಾಡ್ ನಗರದಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಕವಿ ಸಮುಯಿಲ್ ಮಾರ್ಷಾಕ್ ಮತ್ತು ಚಿತ್ರಕಾರ ವ್ಲಾದಿಮಿರ್ ಲೆಬೆದೆವ್ ಜೊತೆಗೂಡಿ ಹತ್ತು ಹನ್ನೆರಡು ಪುಟಗಳ ತೆಳ್ಳನೆಯ ಪುಸ್ತಕಗಳನ್ನು ಹೊರತರುತ್ತಿದ್ದರು: 1925ರಲ್ಲಿ ‘ಸರ್ಕಸ್’ ಮತ್ತು ‘ಐಸ್‌ಕ್ರೀಂ’, 1926ರಲ್ಲಿ ‘ಸಾಮಾನು’. ಇವುಗಳಲ್ಲಿ ಹಲವನ್ನು ಹೊರತಂದ ಖಾಸಗಿ ಪ್ರಕಾಶನದ ಹೆಸರು ‘ರಾದುಗ’, ಎಂದರೆ ಕಾಮನಬಿಲ್ಲು.

ಈ ಪುಸ್ತಕಗಳ ಚಿತ್ರಗಳ ವಿಷಯದಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಚಿತ್ರದ ಮೂಲಕ ಮಗುವಿಗೆ ಕಲಿಸಬೇಕೆಂಬುದು ಹೊಸ ಆಲೋಚನೆಯಲ್ಲ. 1658ರಲ್ಲಿಯೇ ಕೊಮೆನಿಯಸ್ ನ್ಯೂರೆಂಬರ್ಗ್ ನಗರದಲ್ಲಿ ಲೋಕದ ವಸ್ತುಗಳನ್ನೆಲ್ಲ ಚಿತ್ರಿಸಿ, ಪಕ್ಕದಲ್ಲಿ ಹೆಸರು ಬರೆದ ಪಠ್ಯವನ್ನು ಅಚ್ಚುಮಾಡಿಸಿದ್ದ. ಅಲ್ಲಿ ಚಿತ್ರ ಮಾತಿನ ಸೇವಕ. ಲೆಬೆದೆವ್ ಮಾಡಿದ್ದು ಬೇರೆ. ಪುಟದ ಬಹುಭಾಗ ಬಿಳಿಯಾಗಿಯೇ ಉಳಿಯುತ್ತದೆ. ಅದರ ಮೇಲೆ ಕೆಂಪು, ಕಪ್ಪು, ಹಳದಿ ಎಂದು ಕೆಲವೇ ಬಣ್ಣಗಳ ಚಪ್ಪಟೆ ಆಕೃತಿಗಳು. ಹಿನ್ನೆಲೆಯ ಮರ, ಮನೆ, ಮೋಡಗಳ ಗೊಂದಲವಿಲ್ಲ. ಆನೆಯೆಂದರೆ ಆನೆ, ಅಷ್ಟೆ. ಆದರೆ ಆ ಆನೆಗೆ ತೂಕವಿದೆ, ನಡಿಗೆಯಿದೆ. ಎರಡು ವರ್ಷದ ಮಗು ಬೆರಳಿಟ್ಟು ತೋರಿಸಬಹುದಾದ ಚಿತ್ರ ಅದು. ಕಲ್ಲಚ್ಚಿನ ಮೇಲೆ ಚಿತ್ರಕಾರನೇ ಕೈಯಾರೆ ಬರೆಯಬೇಕು, ಅಚ್ಚುಕೂಟದವರಿಗೆ ಬಿಟ್ಟುಬಿಡಬಾರದು ಎಂಬುದು ಅವನ ಹಟ. ಪುಸ್ತಕ ಅಗ್ಗವಾಗಿತ್ತು, ಕಾಗದ ಸಾಧಾರಣವಾಗಿತ್ತು. ಚಿತ್ರ ಮಾತ್ರ ಅಗ್ಗವಾಗಿರಲಿಲ್ಲ. ದುಬಾರಿ ಕಾಗದದ ಮೇಲೆ ಅಗ್ಗದ ಚಿತ್ರ ಅಚ್ಚುಮಾಡುವುದನ್ನೇ ಮಕ್ಕಳ ಸೇವೆಯೆಂದು ಭಾವಿಸಿದವರು ಇದನ್ನೊಮ್ಮೆ ನೋಡಬೇಕು.

ಈಗ ನಾಯಿ ಮಿಯಾಂವ್ ಎಂದ ವಿಚಾರಕ್ಕೆ ಬರುತ್ತೇನೆ. ಚುಕೋವ್‌ಸ್ಕಿಗೆ ಮೂರಾ ಎಂಬ ಕಿರಿಯ ಮಗಳಿದ್ದಳು, 1920ರಲ್ಲಿ ಹುಟ್ಟಿದವಳು. ಇಪ್ಪತ್ತಮೂರು ತಿಂಗಳ ಕೂಸಾಗಿದ್ದಾಗ ಒಂದು ದಿನ ಅವಳು ತಂದೆಯ ಬಳಿಗೆ ಬಂದು, ಏನೋ ಕಳ್ಳತನ ಮಾಡಿದವಳ ಮುಖ ಮಾಡಿಕೊಂಡು, ನಾಯಿ ಮಿಯಾಂವ್ ಎನ್ನುತ್ತದೆ ಎಂದು ಹೇಳಿ ಜೋರಾಗಿ ನಕ್ಕಳು. ತಂದೆ ಕೂಡಲೆ ಆಟಕ್ಕೆ ಇಳಿದ. ಬೇರೆ ಪ್ರಾಣಿಗಳ ಕೂಗನ್ನು ತಾನೂ ಅದಲುಬದಲು ಮಾಡಿದ. ಇದು ಎಲ್ಲ ಮನೆಗಳಲ್ಲಿಯೂ ನಡೆಯುವಂಥದು. ತುತ್ತು ಉಣ್ಣಿಸುವ ನಮ್ಮ ಅಜ್ಜಿಯರು, ಆಕಳು ಬೊಗಳಿತಂತೆ, ಕಾಗೆ ಹಾಲು ಕೊಟ್ಟಿತಂತೆ ಎಂದು ಹೇಳಿ, ನಗಲು ತೆರೆದ ಬಾಯಿಗೆ ತುತ್ತಿಡುವುದನ್ನು ಯಾರು ಕಂಡಿಲ್ಲ? ಚುಕೋವ್‌ಸ್ಕಿಯ ಹೆಚ್ಚುಗಾರಿಕೆ ಇರುವುದು ಅಲ್ಲಿಗೇ ಬಿಡದೆ, ಮಗು ಏಕೆ ನಕ್ಕಿತು ಎಂದು ಯೋಚಿಸಿದ್ದರಲ್ಲಿ.

ಅವನು ಕಂಡುಕೊಂಡ ಉತ್ತರ ಹೀಗಿದೆ. ನಾಯಿ ಬೊಗಳುತ್ತದೆ ಎಂದು ತಿಳಿಯದ ಮಗುವಿಗೆ ನಾಯಿ ಮಿಯಾಂವ್ ಎಂದರೆ ನಗು ಬಾರದು, ಅದು ನಂಬಿಬಿಡುತ್ತದೆ. ನಗು ಬರಬೇಕಾದರೆ ನಿಜ ಏನೆಂಬುದು ಗೊತ್ತಿರಬೇಕು, ಅದು ಗಟ್ಟಿಯಾಗಿ ಗೊತ್ತಿರಬೇಕು. ಇಷ್ಟು ದಿನ ಲೋಕವೆಲ್ಲ ದೊಡ್ಡವರ ಕೈಯಲ್ಲಿತ್ತು. ಪ್ರತಿಯೊಂದನ್ನೂ ಕೇಳಿ ತಿಳಿಯಬೇಕಾಗಿತ್ತು. ಇಂದು ತನ್ನ ತಿಳಿವಳಿಕೆ ಎಷ್ಟು ಭದ್ರವಾಯಿತೆಂದರೆ, ಅದನ್ನು ಬೇಕೆಂದೇ ತಲೆಕೆಳಗು ಮಾಡಿ ಆಡಬಹುದು, ಆಮೇಲೆ ಸರಿಯಾಗಿ ನಿಲ್ಲಿಸಬಹುದು. ಆದ್ದರಿಂದ ಅಸಂಬದ್ಧ ಪ್ರಾಸ ಮಗುವನ್ನು ನಿಜದಿಂದ ದೂರ ಒಯ್ಯುವುದಿಲ್ಲ. ನಿಜವನ್ನು ಅದರ ಕೈಯಲ್ಲೇ ಪರೀಕ್ಷೆ ಮಾಡಿಸುತ್ತದೆ. 1924ರಲ್ಲಿ ಅವನು ಇದನ್ನು ಲೇಖನವಾಗಿ ಬರೆದ. ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ, 1925ರಲ್ಲಿ ಬರೆದು 1965ರಲ್ಲಷ್ಟೇ ಅಚ್ಚಾದ ತನ್ನ ‘ಕಲೆಯ ಮನಶ್ಶಾಸ್ತ್ರ’ದಲ್ಲಿ ಈ ಮಾತನ್ನು ಎತ್ತಿಕೊಂಡು ಒಪ್ಪಿದ್ದಾನೆ. ಮಕ್ಕಳ ಬಾಯಿಂದ ತಾನು ಕೇಳಿದ ಮಾತುಗಳನ್ನೆಲ್ಲ ಕೂಡಿಹಾಕಿ ಚುಕೋವ್‌ಸ್ಕಿ 1928ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದೇ ಮುಂದೆ ‘ಎರಡರಿಂದ ಐದು’ ಎಂಬ ಹೆಸರು ಪಡೆಯಿತು. ಶಿಶುಗಳ ಭಾಷೆಯ ಬಗೆಗೆ ತಾಯಂದಿರು ಓದಿ ಆನಂದಿಸಬಹುದಾದ ಪುಸ್ತಕ ಇದಕ್ಕಿಂತ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಅದೇ 1928ರ ಫೆಬ್ರವರಿ ಒಂದರಂದು ‘ಪ್ರಾವ್ದಾ’ ಪತ್ರಿಕೆಯಲ್ಲಿ ‘ಮೊಸಳೆ’ಯ ಮೇಲೆ ಒಂದು ಲೇಖನ ಬಂದಿತು. ಬರೆದವರು ನದೆಜ್ದಾ ಕ್ರುಪ್‌ಸ್ಕಾಯಾ, ಲೆನಿನ್ನನ ವಿಧವೆ.

ಇಲ್ಲಿ ನಾವು ಆಕೆಗೆ ಅನ್ಯಾಯ ಮಾಡಬಾರದು. ಕ್ರುಪ್‌ಸ್ಕಾಯಾ ಬರಿಯ ದೊಡ್ಡವರ ಮನೆಯ ಹೆಂಗಸಲ್ಲ. ಯೌವನದಲ್ಲಿ ಕಾರ್ಮಿಕರ ರಾತ್ರಿಶಾಲೆಯಲ್ಲಿ ಪಾಠ ಹೇಳಿದವಳು, ಹೊಸ ದೇಶದ ಶಾಲೆ, ಗ್ರಂಥಾಲಯಗಳಿಗಾಗಿ ಜೀವ ತೇದವಳು. ಯುದ್ಧ, ಅಂತರ್ಯುದ್ಧ, ಕ್ಷಾಮಗಳಿಂದ ಜರ್ಜರಿತವಾಗಿದ್ದ ದೇಶ ಅದು. ಅನಾಥ ಮಕ್ಕಳು ರೈಲುನಿಲ್ದಾಣಗಳಲ್ಲಿ ಮಲಗುತ್ತಿದ್ದರು. ಓದುಬಾರದ ಜನ ಕೋಟಿಗಟ್ಟಲೆ. ಅಂಥಲ್ಲಿ ಮಗುವಿನ ಕೈಗೆ ಬರುವ ಮೊದಲ ಪುಸ್ತಕ ಲೋಕವನ್ನು ಇದ್ದಂತೆ ತಿಳಿಸಲಿ, ಯಂತ್ರವನ್ನು ತಿಳಿಸಲಿ, ದೆವ್ವ ಭೂತಗಳ ಭಯ ಬಿಡಿಸಲಿ ಎಂದು ಹಂಬಲಿಸಿದವರನ್ನು ಮೂರ್ಖರೆನ್ನುವುದು ಸುಲಭ, ನ್ಯಾಯವಲ್ಲ. ಆಕೆಯ ವಾದದ ಸಾರಾಂಶ ಇಷ್ಟು: ಮೊಸಳೆಯ ನಿಜವಾದ ಬದುಕಿನ ವಿಚಾರ ಮಗುವಿಗೆ ಈ ಪದ್ಯದಿಂದ ಏನೂ ತಿಳಿಯುವುದಿಲ್ಲ; ಇದು ಬರಿಯ ಹರಟೆ, ಅದರಲ್ಲಿಯೂ ಹಳೆಯ ಸಿರಿವಂತ ವರ್ಗದ ಹರಟೆ; ಮೇಲಾಗಿ ಇದರಲ್ಲಿ ಮಹಾಕವಿ ನೆಕ್ರಾಸೊವನ ಅಣಕವಿದೆ; ಇದನ್ನು ಮಕ್ಕಳಿಗೆ ಕೊಡಕೂಡದು. ಅಭಿಪ್ರಾಯವನ್ನು ಅಭಿಪ್ರಾಯವಾಗಿ ಹೇಳಿದ್ದರೆ ತೊಂದರೆಯಿರಲಿಲ್ಲ. ಆ ಹೆಸರು, ಆ ಪತ್ರಿಕೆ ಎರಡೂ ಕೂಡಿದಾಗ ಅಭಿಪ್ರಾಯ ಆಜ್ಞೆಯಾಯಿತು. ಇಟಲಿಯ ಸೊರೆಂಟೊದಲ್ಲಿದ್ದ ಮ್ಯಾಕ್ಸಿಂ ಗಾರ್ಕಿ ಕೂಡಲೆ ಪತ್ರ ಬರೆದ. ಮಾರ್ಚ್ 14ರಂದು ಅದೇ ‘ಪ್ರಾವ್ದಾ’ದಲ್ಲಿ ಅದು ಅಚ್ಚಾಯಿತು. ನೆಕ್ರಾಸೊವನ ಮೇಲೆ ಚುಕೋವ್‌ಸ್ಕಿ ಮಾಡಿದ ಸಂಶೋಧನೆಯನ್ನು ಲೆನಿನ್ನನೇ ಮೆಚ್ಚಿದ್ದನೆಂದು ನೆನಪು ಮಾಡಿಕೊಟ್ಟ. ಜಾಣತನದ ಉತ್ತರ; ಗಂಡನ ಸಾಕ್ಷಿಯನ್ನು ಹೆಂಡತಿಯ ಮುಂದಿಟ್ಟದ್ದು. ಆದರೂ ಬೆಂಕಿ ಆರಲಿಲ್ಲ. 1929ರಲ್ಲಿ ಕ್ರೆಮ್ಲಿನ್ನಿನ ಶಿಶುವಿಹಾರದ ತಂದೆತಾಯಿಗಳೇ ಸಭೆ ಸೇರಿ, ಚುಕೋವ್‌ಸ್ಕಿಯ ಸಂಪ್ರದಾಯದ ವಿರುದ್ಧ ಹೋರಾಡಬೇಕೆಂದು ನಿರ್ಣಯ ಮಾಡಿದರು.

ಅದೇ ವರ್ಷ ಕ್ರಿಮಿಯಾದ ಆಲುಪ್ಕಾದಲ್ಲಿ ನಡೆದ ಒಂದು ಪ್ರಸಂಗವನ್ನು ಚುಕೋವ್‌ಸ್ಕಿ ತಾನೇ ಬರೆದಿಟ್ಟಿದ್ದಾನೆ. ಕಾಯಿಲೆಯ ಮಕ್ಕಳು ಸೆಕೆಯಲ್ಲಿ ಬೇಸತ್ತು ಗೋಳಾಡುತ್ತಿದ್ದುದನ್ನು ಕಂಡು, ಸುಳ್ಳಿನ ಸರದಾರ ಮ್ಯೂನ್‌ಹೌಸನ್ನನ ಕಥೆಯನ್ನು ಅವನು ಓದತೊಡಗಿದ. ಮಕ್ಕಳು ನಕ್ಕು ನಕ್ಕು ಇನ್ನೂ ಓದು ಎನ್ನುತ್ತಿರುವಾಗ ಮೇಲ್ವಿಚಾರಣೆಯ ಹೆಂಗಸು ಬಂದು ಪುಸ್ತಕವನ್ನು ಕಿತ್ತುಕೊಂಡಳು. ಮಕ್ಕಳಿಗೆ ಯಂತ್ರಗಳ ಪುಸ್ತಕ ಬೇಕು, ಈ ಸುಳ್ಳು ಬೇಡ ಎಂಬುದು ಅವಳ ವಾದ. ಅವಳಿಗೆ ತಿಳಿಯದೆ ಹೋದುದೇನೆಂದರೆ, ಸುಳ್ಳನ್ನು ಪ್ರತಿ ಹೆಜ್ಜೆಗೂ ಹಿಡಿಯುತ್ತಿದ್ದವರು ಆ ಮಕ್ಕಳೇ. ಅವರ ನಗೆಯೇ ಅದಕ್ಕೆ ಸಾಕ್ಷಿ.

ಕೊನೆಗೆ ಕವಿ ಸೋತ. 1929ರ ಡಿಸೆಂಬರ್ ಕೊನೆಯಲ್ಲಿ ಪತ್ರಿಕೆಯಲ್ಲಿ ಅವನ ಪತ್ರ ಬಂದಿತು: ತನ್ನ ಹಳೆಯ ಕಥೆಗಳನ್ನು ಬಿಟ್ಟೆ, ಇನ್ನು ಮುಂದೆ ಸಾಮೂಹಿಕ ಬೇಸಾಯದ ಸಂತೋಷವನ್ನು ಹೇಳುವ ಮಕ್ಕಳ ಪುಸ್ತಕ ಬರೆಯುತ್ತೇನೆ ಎಂದು. ಆ ಪುಸ್ತಕವನ್ನು ಅವನು ಬರೆಯಲೇ ಇಲ್ಲ. ಮರುವರ್ಷ ಮೂರಾಳ ಎಲುಬಿಗೆ ಕ್ಷಯ ತಗಲಿ ಅದೇ ಆಲುಪ್ಕಾಕ್ಕೆ ಅವಳನ್ನು ಕರೆದೊಯ್ದರು. 1931ರ ನವೆಂಬರ್ ತಿಂಗಳಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಅವಳು ಅಲ್ಲಿಯೇ ತೀರಿಕೊಂಡಳು. ಆಲುಪ್ಕಾದ ಆರೋಗ್ಯಧಾಮದ ಮಕ್ಕಳನ್ನು ಕುರಿತು ಅವನು ಬರೆದ ‘ಬಿಸಿಲಿನ ಮನೆ’ ಎಂಬರ್ಥದ ಹೆಸರಿನ ಕಥೆ 1933ರಲ್ಲಿ ಹೊರಬಂದಿತು. ಇದರ ಮೇಲೆ ನಾನು ಯಾವ ವ್ಯಾಖ್ಯಾನವನ್ನೂ ಮಾಡಲಾರೆ.

ಗಾಳಿ ಮತ್ತೆ ತಿರುಗಿದುದು ಗಾರ್ಕಿಯ ಹಟದಿಂದ. 1930ರಲ್ಲಿಯೇ ಅವನು, ಹತ್ತು ವರ್ಷದೊಳಗಿನ ಮಗು ಆಟದ ಮೂಲಕವೇ ಲೋಕವನ್ನು ತಿಳಿಯುತ್ತದೆ ಎಂದು ‘ಪ್ರಾವ್ದಾ’ದಲ್ಲಿ ವಾದಿಸಿದ್ದ. 1933ರಲ್ಲಿ ಮಕ್ಕಳಿಗಾಗಿಯೇ ಸರ್ಕಾರಿ ಪ್ರಕಾಶನ ಸ್ಥಾಪನೆಯಾಯಿತು. 1934ರ ಲೇಖಕರ ಮಹಾಸಭೆಯಲ್ಲಿ ಮಕ್ಕಳ ಸಾಹಿತ್ಯದ ಬಗೆಗೆ ಮಾರ್ಷಾಕ್ ದೀರ್ಘವಾಗಿ ಮಾತಾಡಿದ. ಕಿನ್ನರ ಕಥೆಗೆ ಮಾನ ಬಂದಿತು. ಅಲ್ಲಿಗೆ ಸುಖಾಂತವಾಯಿತೆ? ಇಲ್ಲ. 1936ರ ಮಾರ್ಚ್ ಒಂದರಂದು ‘ಪ್ರಾವ್ದಾ’ ಮತ್ತೊಮ್ಮೆ ಗುಡುಗಿತು; ಈ ಸಲ ಚಿತ್ರಕಾರರ ಮೇಲೆ. ಲೆಬೆದೆವನ ಚಿತ್ರಗಳು ಬಣ್ಣ ಮೆತ್ತುವವನ ಕೆಲಸವಾಗಿ ಅದಕ್ಕೆ ಕಂಡವು. ಅವನು ಬದುಕಿ ಉಳಿದ, ಆದರೆ ಆ ಬಿಳಿಯ ಪುಟ, ಆ ದಿಟ್ಟ ಆಕೃತಿ ಅವನ ಕೈಗೆ ಮರಳಿ ಬರಲಿಲ್ಲ. 1937ರಲ್ಲಿ ಮಾರ್ಷಾಕನ ಸಂಪಾದಕ ವರ್ಗವೇ ಚೆದರಿಹೋಯಿತು. ಚುಕೋವ್‌ಸ್ಕಿಯ ಅಳಿಯ, ಲೀದಿಯಾಳ ಗಂಡ, ಮತ್ವೇಯ್ ಬ್ರೊನ್‌ಸ್ಟೈನ್ ಎಂಬ ಭೌತವಿಜ್ಞಾನಿ. ಹೀಲಿಯಂ ಅನಿಲದ ಶೋಧವನ್ನು ಮಕ್ಕಳಿಗೆ ಪತ್ತೇದಾರಿ ಕಥೆಯಷ್ಟು ಸ್ವಾರಸ್ಯವಾಗಿ ಹೇಳಿದವನು. ಅವನನ್ನು 1937ರ ಆಗಸ್ಟಿನಲ್ಲಿ ಹಿಡಿದು 1938ರ ಫೆಬ್ರವರಿಯಲ್ಲಿ ಗುಂಡಿಕ್ಕಿದರು. ಎಳೆಯರ ಪತ್ರಿಕೆಗಳಿಗೆ ಅಸಂಬದ್ಧ ಪದ್ಯ ಬರೆಯುತ್ತಿದ್ದ ದನೀಲ್ ಖಾರ್ಮ್ಸ್ 1931ರಲ್ಲಿ ಒಮ್ಮೆ ಸೆರೆಯಾದಾಗ ಅವನ ಮಕ್ಕಳ ಪದ್ಯಗಳೇ ಆರೋಪಪಟ್ಟಿಯಲ್ಲಿದ್ದವು. 1942ರಲ್ಲಿ, ಮುತ್ತಿಗೆಗೊಳಗಾದ ಲೆನಿನ್‌ಗ್ರಾಡಿನ ಸೆರೆಮನೆಯ ಆಸ್ಪತ್ರೆಯಲ್ಲಿ ಅವನು ಸತ್ತ. ನಿಜಸಂಗತಿ ಬರೆದವನೂ ಉಳಿಯಲಿಲ್ಲ, ಅಸಂಬದ್ಧ ಬರೆದವನೂ ಉಳಿಯಲಿಲ್ಲ ಎಂಬುದನ್ನು ಗಮನಿಸಿದರೆ, ಜಗಳ ಆ ಹೊತ್ತಿಗಾಗಲೇ ಮಗುವಿನದಾಗಿ ಉಳಿದಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈ ಚರಿತ್ರೆಯನ್ನು ಓದುವಾಗ ನನ್ನ ಮನಸ್ಸು ಸಹಜವಾಗಿಯೇ ನಮ್ಮ ಕಡೆಗೆ ಹರಿಯುತ್ತದೆ. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಎಳೆಯರಿಗೆ ಬರೆದ ಪಂಜೆ ಮಂಗೇಶರಾಯರು (1874–1937) ಶಿಕ್ಷಣ ಇಲಾಖೆಯ ಅಧಿಕಾರಿಗಳು. ಶಾಲೆಗಳ ತನಿಖೆ ಮಾಡುವ ಇನ್‌ಸ್ಪೆಕ್ಟರರೇ ಮೆಣಸಿನ ಕಾಳಪ್ಪನ ಕಥೆ ಬರೆದರು. ಸಿಗಡಿ ಏಕೆ ಒಣಗಲಿಲ್ಲ ಎಂದು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿ, ಕಾರಣದ ಹಿಂದಿನ ಕಾರಣವನ್ನು ಹುಡುಕಿಸಿದರು. ಒಂದು ಕಾರ್ಯಕ್ಕೆ ಒಂದು ಕಾರಣವಿರುತ್ತದೆ ಎಂಬ ಪಾಠವನ್ನು ಯಾವ ವಿಜ್ಞಾನದ ಪುಸ್ತಕ ಇಷ್ಟು ಎಳೆಯ ಮಗುವಿಗೆ ಹೇಳಬಲ್ಲದು? ರಾಜರತ್ನಂ ಅವರ ‘ತುತ್ತೂರಿ’ಯನ್ನು ಬೇಡವೆಂದು ಯಾವ ಸಮಿತಿಯೂ ಕೂರಲಿಲ್ಲ. ಲೆಬೆದೆವನನ್ನು ‘ಪ್ರಾವ್ದಾ’ ಹೀಯಾಳಿಸಿದ ಆ 1936ರಲ್ಲಿಯೇ ನಮ್ಮ ಪುತ್ತೂರಿನ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಒಬ್ಬನೇ ಮನುಷ್ಯ ಕಟ್ಟಿದ ಸಚಿತ್ರ ಜ್ಞಾನಕೋಶ ಅದು. ಕ್ರುಪ್‌ಸ್ಕಾಯಾ ಬಯಸಿದಂಥದು, ಲೋಕವನ್ನು ಇದ್ದಂತೆ ತಿಳಿಸುವಂಥದು. ಕಾಳಪ್ಪನೂ ‘ಬಾಲಪ್ರಪಂಚ’ವೂ ಒಂದೇ ಜಿಲ್ಲೆಯಲ್ಲಿ, ಒಂದೇ ಕಪಾಟಿನಲ್ಲಿ, ಯಾವ ವ್ಯಾಜ್ಯವೂ ಇಲ್ಲದೆ ಕುಳಿತವು.

ಹಾಗೆಂದು ನಾವು ಬೀಗುವಂತಿಲ್ಲ. ನಿಷೇಧ ನಮ್ಮಲ್ಲಿರಲಿಲ್ಲ, ನಿಜ, ಆದರೆ ಸುಂಕವಿತ್ತು. ಆ ಸುಂಕದ ಹೆಸರು ನೀತಿ. ಕಥೆಯ ಬಾಲಕ್ಕೊಂದು ನೀತಿವಾಕ್ಯ ಕಟ್ಟದೆ ಮಕ್ಕಳ ಪುಸ್ತಕ ಗಡಿ ದಾಟುತ್ತಿರಲಿಲ್ಲ. ಈಗಲೂ ಎಲ್ಲವೂ ದಾಟುತ್ತಿಲ್ಲ. ಚಿತ್ರದ ವಿಷಯದಲ್ಲಂತೂ ನಾವು ಬಹುಕಾಲ ಬಡವರಾಗಿಯೇ ಇದ್ದೆವು. ಒಳ್ಳೆಯ ಪದ್ಯದ ಪಕ್ಕದಲ್ಲಿ ಮಸಿ ಹರಡಿದ ಬ್ಲಾಕು, ಅಷ್ಟೆ. ಆ ಬಡತನ ಸ್ವಲ್ಪ ನೀಗಿದುದು ಎಲ್ಲಿಂದ ಎಂದರೆ, ವಿಚಿತ್ರವಲ್ಲವೆ, ಆ ರಷ್ಯಾದಿಂದಲೇ. 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಸೋವಿಯತ್ ಪುಸ್ತಕಗಳು ಬಲು ಅಗ್ಗವಾಗಿ ಸಿಗುತ್ತಿದ್ದವು. ಮಾಸ್ಕೋದ ಪ್ರಕಾಶನಗಳು ಕನ್ನಡವೂ ಸೇರಿದಂತೆ ನಮ್ಮ ಹಲವು ಭಾಷೆಗಳಲ್ಲಿ ಪುಸ್ತಕ ಅಚ್ಚು ಹಾಕುತ್ತಿದ್ದವು. 1982ರಲ್ಲಿ ಸಾಹಿತ್ಯಕ್ಕೆಂದೇ ಬೇರೆಯಾದ ಅಲ್ಲಿಯ ಪ್ರಕಾಶನಕ್ಕೆ ಇಟ್ಟ ಹೆಸರು ಮತ್ತದೇ ‘ರಾದುಗ’. ದೊಡ್ಡ ಅಳತೆಯ ಪುಟ, ಹಿಮದಲ್ಲಿ ನಿಂತ ಕರಡಿಮರಿ, ತಲೆಗೆ ವಸ್ತ್ರ ಕಟ್ಟಿದ ಅಜ್ಜಿ, ಹೊಸ ಮಸಿಯ ಒಂದು ಬಗೆಯ ವಾಸನೆ—ನನ್ನ ತಲೆಮಾರಿನ ಅನೇಕರಿಗೆ ಇವು ಮರೆಯುವಂಥವಲ್ಲ. ಹಿಮವನ್ನೇ ಕಾಣದ ನಮಗೆ ಹಿಮ ಪರಿಚಿತವಾಯಿತು. 1991ರಲ್ಲಿ ಆ ದೇಶ ಒಡೆದಾಗ ಆ ಪುಸ್ತಕಗಳ ಸರಬರಾಜೂ ನಿಂತುಹೋಯಿತು. ಇತ್ತೀಚಿನ ದಶಕಗಳಲ್ಲಿ ನಮ್ಮವೇ ಆದ ಒಳ್ಳೆಯ ಚಿತ್ರಪುಸ್ತಕಗಳು ಬರುತ್ತಿವೆ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಸಂಸ್ಥೆಯಂಥವರು ಕಡಿಮೆ ಬೆಲೆಗೆ ಕನ್ನಡದಲ್ಲಿಯೂ ಅವನ್ನು ಕೊಡುತ್ತಿದ್ದಾರೆ.

ಪ್ರಾಸದ ಹುಚ್ಚಾಟದಿಂದ ಮಗು ಕಲಿಯುವುದೇನು ಎಂದು ಇನ್ನೂ ಕೇಳುವವರಿಗೆ ಒಂದು ಸಂಗತಿಯನ್ನು ಹೇಳಬಹುದು. ಬ್ರ್ಯಾಡ್ಲಿ ಮತ್ತು ಬ್ರ್ಯಾಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ವಿದ್ವಾಂಸರು, ಇನ್ನೂ ಓದಲು ಕಲಿಯದ ಸುಮಾರು 400 ಮಕ್ಕಳನ್ನು ಪರೀಕ್ಷಿಸಿ, ನಾಲ್ಕು ವರ್ಷ ಅವರನ್ನು ಹಿಂಬಾಲಿಸಿ, 1983ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಯಾವ ಪದ ಯಾವುದರೊಡನೆ ಪ್ರಾಸವಾಗುತ್ತದೆ, ಯಾವುದು ಹೊಂದುವುದಿಲ್ಲ ಎಂದು ಎಳವೆಯಲ್ಲಿಯೇ ಗುರುತಿಸಬಲ್ಲ ಕಿವಿಗೂ, ಮುಂದೆ ಆ ಮಗು ಓದುವುದನ್ನೂ ಬರೆಯುವುದನ್ನೂ ಎಷ್ಟು ಚೆನ್ನಾಗಿ ಕಲಿಯುತ್ತದೆ ಎಂಬುದಕ್ಕೂ ಸಂಬಂಧವಿರುವುದನ್ನು ಅವರು ಕಂಡರು. ಇದು ಇಂಗ್ಲಿಷ್ ಮಕ್ಕಳ ಮಾತು. ಅಕ್ಷರಕ್ಕೊಂದು ಉಚ್ಚಾರವಿರುವ ನಮ್ಮ ಲಿಪಿಗೆ ಇದನ್ನು ಹಾಗೆಯೇ ಅನ್ವಯಿಸಬಾರದು. ಅದೂ ಅಲ್ಲದೆ, ಇಂಥ ಪ್ರಮಾಣಪತ್ರ ತೋರಿಸಿಯೇ ಮಗುವಿಗೆ ನಗುವ ಹಕ್ಕನ್ನು ಕೊಡಿಸಬೇಕಾಗಿ ಬಂದರೆ ಅದು ನಮಗೆ ಶೋಭೆಯಲ್ಲವೆಂದು ನನ್ನ ಮಟ್ಟಿಗೆ ಅನಿಸುತ್ತದೆ.

ಚುಕೋವ್‌ಸ್ಕಿ ಎಂಬತ್ತೇಳು ವರ್ಷ ಬದುಕಿದ. 1962ರಲ್ಲಿ ಅವನಿಗೆ ಲೆನಿನ್ ಬಹುಮಾನ ಬಂದಿತು. ಮೊಸಳೆಗಲ್ಲ, ನೆಕ್ರಾಸೊವನ ಮೇಲಿನ ಗ್ರಂಥಕ್ಕೆ. ಯಾವ ಕವಿಯನ್ನು ಅಣಕಿಸಿದನೆಂದು ಅಪವಾದ ಹೊತ್ತಿದ್ದನೋ ಅದೇ ಕವಿಯನ್ನು ಕುರಿತು. ‘ಎರಡರಿಂದ ಐದು’ ಪುಸ್ತಕವನ್ನು ಮುದ್ರಣದಿಂದ ಮುದ್ರಣಕ್ಕೆ ತಿದ್ದುತ್ತ, ತಾಯಂದಿರು ಬರೆದು ಕಳಿಸಿದ ಮಕ್ಕಳ ಮಾತುಗಳನ್ನು ಸೇರಿಸುತ್ತ, 1969ರಲ್ಲಿ ಸಾಯುವವರೆಗೂ ಅದರೊಡನೆ ಇದ್ದ. ಮಾಸ್ಕೋ ಬಳಿಯ ಪೆರೆದೆಲ್ಕಿನೊ ಎಂಬ ಹಳ್ಳಿಯಲ್ಲಿ ಅವನ ಮನೆ. 1957ರಲ್ಲಿ ತನ್ನ ಖರ್ಚಿನಿಂದ ಅಲ್ಲಿ ಮಕ್ಕಳಿಗೊಂದು ಗ್ರಂಥಾಲಯ ಕಟ್ಟಿಸಿಕೊಟ್ಟ. ಬೇಸಗೆಯಲ್ಲಿ ಕಾಡಿನ ಬಯಲಲ್ಲಿ ದೊಡ್ಡ ಬೆಂಕಿ ಹಾಕಿಸಿ, ಸುತ್ತಮುತ್ತಲ ಮಕ್ಕಳನ್ನೆಲ್ಲ ಕರೆಸಿ, ಕವಿಗಳನ್ನೂ ನಟರನ್ನೂ ಅವರ ಮುಂದೆ ನಿಲ್ಲಿಸುತ್ತಿದ್ದ. ಒಳಗೆ ಬರಲು ಟಿಕೆಟ್ಟು ಇತ್ತು: ತಲೆಗೆ ಹತ್ತು ಪೈನ್ ಕಾಯಿಗಳು. ಮಕ್ಕಳು ದಾರಿಯಲ್ಲಿ ಆಯ್ದುಕೊಂಡು ಬಂದು, ಎಣಿಸಿ ಕೊಟ್ಟು, ಒಳಗೆ ಹೋಗಿ ಕೂರುತ್ತಿದ್ದರು. ಆ ಕಾಯಿಗಳೇ ಬೆಂಕಿಗೆ ಸೌದೆಯಾಗುತ್ತಿದ್ದವು.